ನಿಂತುಹೋದ ಖಾತೆಗೆ ಮತ್ತೆ ಜಮಾ

2024ರ ಜೂನ್ ತಿಂಗಳ ಒಂದು ಬೆಳಗ್ಗೆ ನಾನೂ ನನ್ನ ಮನೆಯಾಕೆಯೂ ನಮ್ಮ ಬಚ್ಚಲುಮನೆಯ ನೆಲದ ಮೇಲೆ ಇಪ್ಪತ್ತು ನಿಮಿಷ ಕುಳಿತಿದ್ದೆವು. ಕುಳಿತಿದ್ದೆವು ಅನ್ನುವುದಕ್ಕಿಂತ ಏಳಲಾರದೆ ಉಳಿದಿದ್ದೆವು ಅನ್ನುವುದೇ ಸರಿ.

ಮಡಿಕೇರಿಯ ಮಳೆಗಾಲ ಕಂಡವರಿಗೆ ಗೊತ್ತು. ಮುಂಗಾರು ಹಿಡಿಯಿತೆಂದರೆ ಕರೆಂಟು ಹೋದದ್ದು ಗೊತ್ತಾಗುತ್ತದೆ, ಬರುವುದು ಗೊತ್ತಾಗುವುದಿಲ್ಲ. ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ಅಂಗಳದ ಕಲ್ಲುಗಳ ಮೇಲೆಲ್ಲ ಪಾಚಿ. ಅಂಥ ಒಂದು ನಸುಕಿನಲ್ಲಿ ಹಂಡೆಯ ಒಲೆಗೆ ಬೆಂಕಿ ಹಾಕಲು ಹೋದವಳು ಕತ್ತಲಲ್ಲಿ ಜಾರಿ ಕುಳಿತುಬಿಟ್ಟಳು. ‘ರೀ’ ಎಂದು ಕೂಗಿದ್ದು ಕೇಳಿಸಿತು. ಓಡಿದೆ. ಎಪ್ಪತ್ತನಾಲ್ಕರ ಓಟ ಅಂದರೆ ಗೋಡೆ ಹಿಡಿದುಕೊಂಡು ಹೋಗುವುದು. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಪಾದ ಹಿಡಿದುಕೊಂಡು ಕುಳಿತಿದ್ದಾಳೆ. ಮೂಳೆ ಮುರಿದಿರಲಿಲ್ಲ, ಹಿಮ್ಮಡಿಯ ಹತ್ತಿರ ಉಳುಕಿತ್ತು.

ಎತ್ತೋಣ ಎಂದು ಬಗ್ಗಿದೆ. ಸೊಂಟ ಅರ್ಧ ದಾರಿಯಲ್ಲೇ ನಿಂತಿತು. ಕೈ ಕೊಟ್ಟು ಎಳೆಯೋಣವೆಂದರೆ ಹಿಂದೊಮ್ಮೆ ಮುರಿದು ಕೂಡಿದ್ದ ಬಲ ಮಣಿಕಟ್ಟು ಒಪ್ಪಲಿಲ್ಲ. ಸರಿ, ಮಂಡಿಯೂರಿ ಎಬ್ಬಿಸೋಣ ಎಂದು ಅವಳ ಪಕ್ಕದಲ್ಲಿ ಮಂಡಿಯೂರಿದೆ. ಅದೇ ತಪ್ಪಾಯಿತು. ಈಗ ನನಗೂ ಏಳಲಾಗಲಿಲ್ಲ. ಹಂಡೆಯ ಕಟ್ಟೆ ಕೈಗೆಟಕುವಷ್ಟು ಹತ್ತಿರವಿರಲಿಲ್ಲ. ಮೊದಲು ಅವಳು ನಕ್ಕಳು. ‘ಚೆನ್ನಾಗಿದೆ ಕೂರೋಣ ಬಿಡಿ, ಮಳೆ ನೋಡುತ್ತಾ’ ಅಂದಳು. ನಾನೂ ನಕ್ಕೆ. ಹತ್ತು ನಿಮಿಷ ಕಳೆದ ಮೇಲೆ ಇಬ್ಬರೂ ನಗಲಿಲ್ಲ. ಒಲೆಯಲ್ಲಿ ಬೆಂಕಿಯಿಲ್ಲ, ನೆಲ ಒದ್ದೆ, ಅವಳ ಕೈ ತಣ್ಣಗಾಗುತ್ತಿತ್ತು.

ಕೊನೆಗೆ ಹಾಲಿನ ಹುಡುಗ ಬಂದ. ಕರೆದದ್ದು ಕೇಳಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಮೊದಲು ಅವಳನ್ನು, ಆಮೇಲೆ ನನ್ನನ್ನು ಎಬ್ಬಿಸಿ ಕೂರಿಸಿದ. ಏನೂ ಆಗಿಲ್ಲವೆಂಬಂತೆ ‘ಅಜ್ಜ, ಹಾಲು ಎಲ್ಲಿಡಲಿ?’ ಎಂದು ಕೇಳಿ ಹೋದ. ಆ ಹುಡುಗನ ಸೌಜನ್ಯ ದೊಡ್ಡದು. ಆದರೆ ಆ ದಿನವಿಡೀ ನಾನು ಸರಿಯಾಗಿ ಮಾತಾಡಲಿಲ್ಲ. ನಲವತ್ತೇಳು ವರ್ಷ ಜೊತೆಗೆ ಬಾಳಿದವಳು ಬಿದ್ದಾಗ ನನ್ನಿಂದ ಒಂದು ಕೈ ಕೊಡಲಾಗಲಿಲ್ಲವಲ್ಲ ಎಂಬುದು ಊಟದಲ್ಲೂ ನಿದ್ದೆಯಲ್ಲೂ ಚುಚ್ಚುತ್ತಿತ್ತು. ಹೆಚ್ಚು ಚುಚ್ಚಿದ್ದು ಇನ್ನೊಂದು ಮಾತು. ಎರಡು ವರ್ಷದ ಹಿಂದೆ ಆಗಿದ್ದರೆ ನಾನು ಏಳುತ್ತಿದ್ದೆ.

ಯಾಕೆಂದರೆ ನಾನು ಸುಮಾರು ನಲವತ್ತು ವರ್ಷ ಬೆಳಗಿನ ಯೋಗ ಮಾಡಿದವನು.

ಅದರ ಕತೆ ಸ್ವಲ್ಪ ಹೇಳಬೇಕು. ಬಿ.ಕಾಂ. ಓದಲು ಮೈಸೂರಿನಲ್ಲಿದ್ದಾಗ ಲಕ್ಷ್ಮೀಪುರಂ ಕಡೆ ಒಂದು ಕೋಣೆಯಲ್ಲಿದ್ದೆ. ಅದೇ ಬಡಾವಣೆಯಲ್ಲಿ ಹಾಸನದ ಹತ್ತಿರದ ಕೌಶಿಕ ಗ್ರಾಮದಿಂದ ಬಂದ ಪಟ್ಟಾಭಿ ಜೋಯಿಸರು ಯೋಗ ಕಲಿಸುತ್ತಿದ್ದರು. ಮುಂದೆ ಅವರ ಬಳಿ ಕಲಿಯಲು ಪ್ರಪಂಚದ ಮೂಲೆಮೂಲೆಯಿಂದ ಜನ ಬಂದರು. ಅವರಿಂದ ಕೂಗಳತೆ ದೂರದಲ್ಲಿದ್ದ ನಾನು ಮಾತ್ರ ಒಂದು ದಿನವೂ ಒಳಗೆ ಇಣುಕಲಿಲ್ಲ. ಆಗ ನನ್ನ ಸೊಂಟ ಚೆನ್ನಾಗಿತ್ತು, ಬುದ್ಧಿ ಇರಲಿಲ್ಲ.

1974ರಲ್ಲಿ ಬ್ಯಾಂಕಿಗೆ ಸೇರಿದೆ. ಸೋಮವಾರಪೇಟೆ, ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿ ಎಂದು ಸುತ್ತಾಡಿದೆ. ಕಂಪ್ಯೂಟರ್ ಇಲ್ಲದ ಕಾಲ. ಹಲಗೆಯಷ್ಟು ಭಾರದ ಲೆಡ್ಜರುಗಳು. ಒಂದೊಂದು ಜಮಾ, ಒಂದೊಂದು ಖರ್ಚು ಕೈಯಲ್ಲೇ ಬರೆದು ಸಂಜೆ ತಾಳೆ ನೋಡಬೇಕು. ಐದು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿಲ್ಲ. ಕಾಫಿ ಬೋರ್ಡಿನ ಪೂಲ್ ಹಣ ಕಂತಿನಲ್ಲಿ ಬಂದಾಗಲಂತೂ ಬೆಳೆಗಾರರ ಸಾಲು ಬಾಗಿಲಿನಾಚೆಗೆ. ಹೀಗೆ ಬಗ್ಗಿ ಬಗ್ಗಿ ಬರೆದು ಮೂವತ್ತಮೂರನೇ ವಯಸ್ಸಿಗೇ ಸೊಂಟ ಹಿಡಿಯಿತು. ಆಗ ಸಿಕ್ಕವರು ವ್ಯಾಯಾಮದ ಮೇಷ್ಟ್ರೊಬ್ಬರು. ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರ ಆಶ್ರಮದಲ್ಲಿ ಯೋಗ ಕಲಿತು ಬಂದವರು. ‘ತಿರುಕ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಆ ಸ್ವಾಮೀಜಿ ನಾಡಿನ ಎಷ್ಟೋ ಹುಡುಗರನ್ನು ಸೂರ್ಯನಮಸ್ಕಾರಕ್ಕೆ ಹಚ್ಚಿದವರು. ನಮ್ಮ ಮೇಷ್ಟ್ರು 1983ರಲ್ಲಿ ನಾಲ್ಕು ಜನ ಬ್ಯಾಂಕಿನವರನ್ನು ತಮ್ಮ ಮನೆಯ ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿದರು. ಬೆಳಗ್ಗೆ ಐದೂವರೆ. ದಕ್ಷಿಣೆ ಏನೆಂದರೆ ತಪ್ಪಿಸಬಾರದು, ಅಷ್ಟೆ.

ನಾನು ತಪ್ಪಿಸಲಿಲ್ಲ. ವರ್ಗವಾದರೂ ಕಂಬಳಿ ಜೊತೆಗೇ ಹೋಯಿತು. ಹನ್ನೆರಡು ಸೂರ್ಯನಮಸ್ಕಾರ, ಒಂದಷ್ಟು ಆಸನ, ಕೊನೆಗೆ ಹತ್ತು ನಿಮಿಷ ಉಸಿರಾಟ. ಆರೂವರೆಗೆ ಮನೆಯಾಕೆಯ ಕಾಫಿ. ಮಗಳು ಹುಟ್ಟಿದಳು, ಮದುವೆಯಾಗಿ ಕುಶಾಲನಗರಕ್ಕೆ ಹೋದಳು, ನಾನು ನಿವೃತ್ತನಾದೆ. ಐದೂವರೆ ಮಾತ್ರ ಐದೂವರೆಯಾಗಿಯೇ ಇತ್ತು.

ನಿಂತದ್ದು 2022ರ ಜುಲೈಯಲ್ಲಿ. ಅಂಗಳದ ಮೆಟ್ಟಿಲಿನ ಪಾಚಿಯ ಮೇಲೆ ಜಾರಿ ಕೈಯೂರಿ ಬಿದ್ದೆ. ಬಲ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಅಲ್ಲಿಯವರೆಗೆ ನಿಂತದ್ದಕ್ಕೆ ಕಾರಣವಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ನಿಂತದ್ದಕ್ಕೆ ನೆಪಗಳಿದ್ದವು. ಮೊದಲು ಕೈ ಬಿಗಿ. ಆಮೇಲೆ ಚಳಿ. ಆಮೇಲೆ ಮದುವೆಗಳ ಓಡಾಟ. ಆಮೇಲೆ ಮತ್ತೆ ಮಳೆ. ‘ಸೋಮವಾರದಿಂದ ಶುರು’ ಎಂದು ಎಷ್ಟು ಸೋಮವಾರ ಹೇಳಿದೆನೋ ಲೆಕ್ಕವಿಲ್ಲ. ನಿಜ ಹೇಳಬೇಕೆಂದರೆ ಒಳಗಿದ್ದದ್ದು ಭಯ ಮತ್ತು ನಾಚಿಕೆ. ಮತ್ತೆ ಬಿದ್ದರೆ ಎಂಬ ಭಯ. ಹನ್ನೆರಡು ನಮಸ್ಕಾರ ಹಾಕುತ್ತಿದ್ದವನು ಎರಡಕ್ಕೆ ಏದುಸಿರು ಬಿಡುವುದನ್ನು ನಾನೇ ನೋಡಬೇಕಲ್ಲ ಎಂಬ ನಾಚಿಕೆ.

ಬ್ಯಾಂಕಿನಲ್ಲಿ ಒಂದು ನಿಯಮವಿದೆ ಮಕ್ಕಳೇ. ಉಳಿತಾಯ ಖಾತೆಯಲ್ಲಿ ಗ್ರಾಹಕರು ಎರಡು ವರ್ಷಕ್ಕೂ ಹೆಚ್ಚು ಕಾಲ ಯಾವ ವ್ಯವಹಾರವನ್ನೂ ಮಾಡದಿದ್ದರೆ ಅದನ್ನು ‘ನಿಷ್ಕ್ರಿಯ ಖಾತೆ’ ಎಂದು ಬೇರೆ ಇಡುತ್ತಾರೆ. ಹಣ ಎಲ್ಲೂ ಹೋಗುವುದಿಲ್ಲ, ಖಾತೆದಾರನದ್ದೇ. ಆದರೆ ಬೇಕೆಂದ ತಕ್ಷಣ ತೆಗೆಯಲು ಬರುವುದಿಲ್ಲ. ಆತ ಬಂದು ತಾನು ಯಾರೆಂದು ದಾಖಲೆ ತೋರಿಸಿ, ಅರ್ಜಿ ಕೊಟ್ಟು, ಖಾತೆಯನ್ನು ಮತ್ತೆ ಚಾಲ್ತಿಗೆ ತರಬೇಕು. ಎಷ್ಟೋ ಜನ ಹಿರಿಯರು ಕೌಂಟರಿನಲ್ಲಿ ‘ನನ್ನ ದುಡ್ಡೇ ನನಗೆ ಕೊಡುವುದಿಲ್ಲವೇನಯ್ಯ?’ ಎಂದು ನನ್ನನ್ನು ಬೈದದ್ದುಂಟು. ಬಚ್ಚಲುಮನೆಯ ನೆಲದ ಮೇಲೆ ಕುಳಿತ ಆ ಬೆಳಗ್ಗೆ ನಾನೂ ಅವರಂತೆಯೇ ಬೈಯುತ್ತಿದ್ದೆ. ನಲವತ್ತು ವರ್ಷ ಕಟ್ಟಿದ್ದೆನಲ್ಲ, ನನ್ನ ಬಲ ನನಗೆ ಯಾಕೆ ಸಿಗುತ್ತಿಲ್ಲ?

ಖಾತೆ ನಿಷ್ಕ್ರಿಯವಾಗಿತ್ತು. ಇನ್ನು ಅರ್ಜಿ ಕೊಡಬೇಕು.

ಮೊದಲು ಡಾಕ್ಟರ ಬಳಿ ಹೋದೆ. ನನ್ನ ವಾರಿಗೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬಿಟ್ಟ ಯೋಗ ಮತ್ತೆ ಹಿಡಿಯುವ ಮುಂಚೆ ಒಮ್ಮೆ ತೋರಿಸಿಕೊಳ್ಳಿ. ನನಗೆ ರಕ್ತದೊತ್ತಡದ ಮಾತ್ರೆ ಇದೆ. ಡಾಕ್ಟರು ಎರಡು ಮಾತು ಹೇಳಿದರು. ಉಸಿರು ಬಿಗಿಹಿಡಿಯುವುದು ಬೇಡ, ತಲೆ ಕೆಳಗೆ ಮಾಡುವ ಆಸನ ಬೇಡ. ಕಣ್ಣಿನ ಒತ್ತಡ, ಅಂದರೆ ಗ್ಲುಕೋಮಾ ಇರುವವರಿಗೂ ತಲೆಕೆಳಗಿನ ಆಸನ ಸಲ್ಲದು. ‘ಮೊದಲು ಏನು ಮಾಡುತ್ತಿದ್ದಿರಿ ಅನ್ನುವುದನ್ನು ಮರೆತುಬಿಡಿ. ಈಗ ಏನಾಗುತ್ತದೆ, ಅಲ್ಲಿಂದ ಹಿಡಿಯಿರಿ’ ಎಂದರು.

ಹೇಳುವುದು ಸುಲಭ. ಮರೆಯುವುದೇ ಕಷ್ಟ. ಆಗ ನನಗೆ ನೆನಪಾದವರು ಬಿ.ಕೆ.ಎಸ್. ಅಯ್ಯಂಗಾರರು.

ಮಕ್ಕಳಿಗೆ ಅವರ ಪರಿಚಯವಿರಲಿ. 1918ರ ಡಿಸೆಂಬರ್ 14ರಂದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಬಡಕಲಾಗಿದ್ದ ಹುಡುಗ. ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಹುಡುಗ ಹದಿಹರೆಯದಲ್ಲಿ ಭಾವನ ಮನೆಗೆ ಬಂದು ಕಲಿತ. ಆಮೇಲೆ ಪುಣೆಗೆ ಹೋಗಿ ನೆಲೆಸಿ, 1966ರಲ್ಲಿ ‘ಲೈಟ್ ಆನ್ ಯೋಗ’ ಎಂಬ ಪುಸ್ತಕ ಬರೆದು ಲೋಕಕ್ಕೇ ಗುರುವಾದ. ಆದರೆ ನನಗೆ ಬೇಕಾದದ್ದು ಅದರ ನಂತರದ ಸಂಗತಿ. 1979ರಲ್ಲಿ, ಅರವತ್ತು ದಾಟಿದ ಹೊತ್ತಿಗೆ, ಅವರಿಗೆ ಸ್ಕೂಟರ್ ಅಪಘಾತವಾಯಿತು. ಭುಜ, ಬೆನ್ನು, ಮಂಡಿಗೆಲ್ಲ ಪೆಟ್ಟು. ಜಗತ್ತಿಗೆ ಆಸನ ಕಲಿಸಿದವರು ತಾವೇ ಹೊಸ ವಿದ್ಯಾರ್ಥಿಯಂತೆ ಸುಲಭದ ಆಸನಗಳಿಂದ ಮತ್ತೆ ಶುರು ಮಾಡಬೇಕಾಯಿತು. ವರ್ಷಗಟ್ಟಲೆ ಹಿಡಿಯಿತು. ಕುರ್ಚಿ, ಹಗ್ಗ, ಪಟ್ಟಿ, ಮರದ ತುಂಡು, ಗೋಡೆ, ಇವನ್ನೆಲ್ಲ ಆಸನಕ್ಕೆ ಆಸರೆಯಾಗಿ ಬಳಸುವ ಪದ್ಧತಿಗೆ ಹೆಸರಾದವರೂ ಅವರೇ. ಅಂಥವರು ಕುರ್ಚಿ ಹಿಡಿಯಲು ನಾಚಲಿಲ್ಲ. ಮಡಿಕೇರಿಯ ಒಬ್ಬ ಗುಮಾಸ್ತ ನಾಚುವುದೇನು?

ಜೂನ್ 21ರಂದು ಯೋಗ ದಿನ. 2014ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತ ತಂದ ಗೊತ್ತುವಳಿಗೆ 177 ದೇಶಗಳು ಜೊತೆ ನಿಂತು, 2015ರಿಂದ ಈ ದಿನಾಚರಣೆ ನಡೆಯುತ್ತಿದೆ. ಆರನೇ ತರಗತಿಯ ನಮ್ಮ ಮೊಮ್ಮಗಳು, ನಾವು ಪುಟ್ಟಿ ಅನ್ನುತ್ತೇವೆ, ಅಂದು ಶಾಲೆಯಲ್ಲಿ ಯೋಗ ಮಾಡಿ, ಮರುದಿನ ಶನಿವಾರ ನಮ್ಮ ಮನೆಗೆ ಬಂದಳು. ಅಜ್ಜಿಯ ಕಾಲಿಗೆ ಬಟ್ಟೆ ಸುತ್ತಿದ್ದು ನೋಡಿ ಎಲ್ಲ ವಿಚಾರಿಸಿದಳು. ಮುಚ್ಚಿಡದೆ ಹೇಳಿದೆವು. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಜ್ಜ, ನಮ್ಮ ಶಾಲೆಯಲ್ಲಿ ಮೊದಲು ಕತ್ತು, ಭುಜ ಮಾತ್ರ ಮಾಡಿಸ್ತಾರೆ. ಅದು ಕುರ್ಚಿಯಲ್ಲೂ ಆಗುತ್ತೆ’ ಅಂದಳು. ನಮ್ಮ ಮನೆಮಾತು ಅರೆಭಾಷೆ. ಓದುವವರಿಗೆ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಅವಳು ಹೇಳಿದ ರೀತಿಯಲ್ಲಿ ಇನ್ನೂ ಸ್ವಲ್ಪ ಅಧಿಕಾರವಿತ್ತು.

ಅಂದೇ ಶುರುವಾಯಿತು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಮಡಚುವ ಕುರ್ಚಿ ಮಡಚಿಕೊಳ್ಳುತ್ತದೆ. ಆದ್ದರಿಂದ ನನ್ನ ತಂದೆಯ ಕಾಲದ ಕೈಯಿಲ್ಲದ ಮರದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಟ್ಟೆವು. ಐದು ನಿಮಿಷ. ಕತ್ತು ನಿಧಾನವಾಗಿ ಎಡಕ್ಕೆ, ಬಲಕ್ಕೆ. ಭುಜ ಮೇಲೆ, ಕೆಳಗೆ. ಮಣಿಕಟ್ಟು ಸುತ್ತಿಸುವುದು, ಪಾದ ಸುತ್ತಿಸುವುದು. ಕೊನೆಗೆ ಕಣ್ಣು ಮುಚ್ಚಿ ಹತ್ತು ಉಸಿರು ಎಣಿಸುವುದು. ಆರನೆಯದಕ್ಕೇ ಲೆಕ್ಕ ತಪ್ಪಿತು. ಮೂವತ್ತಾರು ವರ್ಷ ಲೆಕ್ಕ ಬರೆದವನಿಗೆ!

ಪುಟ್ಟಿ ತನ್ನ ಹಳೆಯ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳನ್ನು ಪಾಸ್‌ಬುಕ್ ಮಾಡಿದಳು. ತಾರೀಕು, ಜಮಾ, ಬಾಕಿ ಎಂದು ಗೆರೆ ಎಳೆದಳು. ಎಷ್ಟು ನಿಮಿಷ ಮಾಡಿದೆನೋ ಅಷ್ಟು ಜಮಾ. ವಾರದ ದಿನಗಳಲ್ಲಿ ನಾನೇ ಬರೆಯಬೇಕು, ಶನಿವಾರ ಅವಳು ಆಡಿಟ್ ಮಾಡುತ್ತಾಳೆ.

ಮೊದಲ ಎರಡು ವಾರ ಐದು ನಿಮಿಷಕ್ಕಿಂತ ಹೆಚ್ಚು ಮಾಡಲೇ ಇಲ್ಲ. ಇದು ತುಂಬಾ ಕಷ್ಟದ ಕೆಲಸ. ಮೈ ‘ಇನ್ನೂ ಮಾಡು’ ಅನ್ನುತ್ತದೆ, ಆಗಲೇ ಎದ್ದುಬಿಡಬೇಕು. ನನಗೆ ಬೇಕಾಗಿದ್ದದ್ದು ಬಲವಲ್ಲ, ಐದೂವರೆ. ಎದ್ದು ಆ ಕುರ್ಚಿಯಲ್ಲಿ ಕೂರುವ ಅಭ್ಯಾಸ ಮೊದಲು ಮರಳಬೇಕಿತ್ತು. ಮೂರನೇ ವಾರ ಒಂದು ಕೆಲಸ ಸೇರಿಸಿದೆ. ಕುರ್ಚಿಯಿಂದ ಏಳುವುದು, ಕೂರುವುದು. ತೊಡೆಯ ಮೇಲೆ ಕೈಯೂರಿ ಮೂರು ಸಲ. ನಾಲ್ಕನೆಯದಕ್ಕೆ ತೊಡೆ ನಡುಗಿತು. ಬಳಸದ ಸ್ನಾಯು ಕರಗುತ್ತದೆ, ವಯಸ್ಸಾದಂತೆ ಇನ್ನೂ ಬೇಗ ಕರಗುತ್ತದೆ ಎಂದು ಓದಿದ್ದೆ. ಈಗ ಕಂಡೆ. ಆದರೆ ಬಳಸಿದರೆ ಎಪ್ಪತ್ತರ ಸ್ನಾಯುವೂ ತಿರುಗಿ ಬಲಿಯುತ್ತದೆ. ಜುಲೈ ಕೊನೆಗೆ ಕೈಯೂರದೆ ಎಂಟು ಸಲ ಏಳುತ್ತಿದ್ದೆ.

ಅಷ್ಟರಲ್ಲಿ ಮನೆಯಾಕೆಯ ಕಾಲು ವಾಸಿಯಾಗಿತ್ತು. ಒಂದು ಬೆಳಗ್ಗೆ ನಾನು ಕಣ್ಣು ಬಿಟ್ಟು ನೋಡಿದರೆ ಪಕ್ಕದಲ್ಲಿ ಇನ್ನೊಂದು ಕುರ್ಚಿ, ಅದರಲ್ಲಿ ಅವಳು. ನಲವತ್ತು ವರ್ಷದಲ್ಲಿ ಒಂದು ದಿನವೂ ಯೋಗಕ್ಕೆ ಕೂರದವಳು. ನಾನು ಕರೆದಿರಲೂ ಇಲ್ಲ, ಕಾಫಿ ಆರೂವರೆಗೆ ಬರುತ್ತಿತ್ತಲ್ಲ! ‘ನಿನ್ನನ್ನು ಎತ್ತುವಷ್ಟು ಬಲ ಬರಲಿ ಅಂತಲೇ ಇದನ್ನೆಲ್ಲ ಮಾಡುತ್ತಿದ್ದೇನೆ’ ಅಂದೆ. ‘ನೀವು ಬಂದು ಎತ್ತಲಿ ಅಂತ ನಾನು ಕಾಯುತ್ತಾ ಕೂರಬೇಕಾ? ನಾನೇ ಏಳುವುದನ್ನು ಕಲಿಯುತ್ತೇನೆ’ ಅಂದಳು.

ಅವಳ ಮಾತೇ ಸರಿ ಎಂದು ಡಾಕ್ಟರೂ ಹೇಳಿದರು. ಬಿದ್ದವರನ್ನು ಇನ್ನೊಬ್ಬ ಮುದುಕ ಎಳೆದು ಎತ್ತಲು ಹೋದರೆ ಇಬ್ಬರಿಗೂ ಕೇಡು. ಏಳುವುದಕ್ಕೂ ಒಂದು ಕ್ರಮವಿದೆ. ಮೊದಲು ಪಕ್ಕಕ್ಕೆ ಹೊರಳಬೇಕು. ಆಮೇಲೆ ಅಂಗೈ, ಮಂಡಿ ಊರಿ ಬೆಕ್ಕಿನಂತೆ ನಾಲ್ಕು ಕಾಲಿಗೆ ಬರಬೇಕು. ಹಾಗೇ ಕುರ್ಚಿಯ ಹತ್ತಿರ ಸರಿದು ಎರಡೂ ಕೈಯನ್ನು ಕುರ್ಚಿಯ ಮೇಲಿಟ್ಟು, ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕುರ್ಚಿಯಲ್ಲಿ ಕೂರಬೇಕು. ಗಡಿಬಿಡಿ ಇಲ್ಲ. ನಡುವೆ ಎಲ್ಲಿ ಬೇಕಾದರೂ ನಿಂತು ಉಸಿರು ತೆಗೆದುಕೊಳ್ಳಬಹುದು.

ಮಕ್ಕಳೇ, ನೀವು ನೆನಪಿಡಬೇಕಾದ್ದು ಇದು. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಬಿದ್ದರೆ ಕೈ ಹಿಡಿದು ಎಳೆಯಬೇಡಿ. ಎಲ್ಲಿ ನೋವು ಎಂದು ಮೊದಲು ಕೇಳಿ. ತಲೆಗೋ ಸೊಂಟಕ್ಕೋ ಪೆಟ್ಟಾಗಿದೆ ಅಂದರೆ ಅಲುಗಿಸದೆ ದೊಡ್ಡವರನ್ನು ಕೂಗಿ. ನೋವಿಲ್ಲ, ಏಳಲಾಗುತ್ತಿಲ್ಲ ಅಷ್ಟೇ ಅಂದರೆ ಒಂದು ಗಟ್ಟಿ ಕುರ್ಚಿ ತಂದು ಪಕ್ಕದಲ್ಲಿಟ್ಟು, ಅದು ಜಾರದಂತೆ ಹಿಡಿದುಕೊಳ್ಳಿ. ಆ ದಿನ ನಮಗೆ ಬೇಕಾಗಿದ್ದದ್ದು ಅಷ್ಟೇ, ಒಂದು ಕುರ್ಚಿ.

ಆಗಸ್ಟ್ 3 ನಮ್ಮಲ್ಲಿ ಆಟಿ ಹದಿನೆಂಟು. ಕೊಡವರು ಕಕ್ಕಡ ಹದಿನೆಂಟು ಅನ್ನುತ್ತಾರೆ. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆ. ಆ ನೀರಿನಲ್ಲಿ ಮಾಡಿದ ಪಾಯಸ ತಿಂದ ಮರುದಿನ ಮೂತ್ರವೂ ಕೆಂಪಾಗುತ್ತದೆ. ಕೊಡಗಿನ ಮಕ್ಕಳಿಗೆಲ್ಲ ವರ್ಷಕ್ಕೊಮ್ಮೆ ಸಿಗುವ ತಮಾಷೆ ಅದು. ಪಾಯಸ ತಿಂದ ದಿನದಿಂದ ನಾವು ಕುರ್ಚಿಯಿಂದ ಎದ್ದು ಗೋಡೆಯ ಬಳಿ ನಿಂತೆವು. ಗೋಡೆಗೆ ಬೆನ್ನು ತಾಗಿಸಿ ತಾಡಾಸನ. ಎದೆಯ ಎತ್ತರಕ್ಕೆ ಗೋಡೆಯ ಮೇಲೆ ಕೈಯಿಟ್ಟು ಹಿಂದೆ ಸರಿದು ಬೆನ್ನು ಚಾಚುವುದು. ಕಿಟಕಿಯ ಸರಳು ಹಿಡಿದು ವೃಕ್ಷಾಸನ. ಪಾದವನ್ನು ತೊಡೆಗೆ ಏರಿಸುವ ಆಸೆ ಬಿಟ್ಟು ಇನ್ನೊಂದು ಕಾಲಿನ ಮೀನಖಂಡಕ್ಕೆ ತಾಗಿಸಿದೆ. ಪುಟ್ಟಿ ಏಳರ ಮಗ್ಗಿ ಹೇಳುತ್ತಿದ್ದಳು. ಶುರುವಿನಲ್ಲಿ ಏಳೆರಡಲ ಹದಿನಾಲ್ಕಕ್ಕೆ ನನ್ನ ಮರ ವಾಲುತ್ತಿತ್ತು. ತಿಂಗಳ ಕೊನೆಗೆ ಏಳಾರಲ ನಲವತ್ತೆರಡರವರೆಗೆ ನಿಂತೆ. ಅಜ್ಜಿ ಎಪ್ಪತ್ತು ಮುಟ್ಟಿದ್ದಳು. ಅದನ್ನು ಇಲ್ಲಿ ಬರೆಯದಿದ್ದರೆ ನನಗೆ ಕಾಫಿ ಇಲ್ಲ.

ಸೆಪ್ಟೆಂಬರ್ 3ರ ಕೈಲು ಮುಹೂರ್ತ ಮುಗಿಯುವ ಹೊತ್ತಿಗೆ ನೆಲಕ್ಕಿಳಿದೆ. ಕಂಬಳಿ ಎರಡು ಮಡಿಕೆ ಹಾಕಿ, ಪಕ್ಕದಲ್ಲಿ ಕುರ್ಚಿ ಇಟ್ಟುಕೊಂಡು. ಇಳಿಯುವುದು, ಏಳುವುದು, ಅದೇ ಮೊದಲ ಆಸನ. ಆಮೇಲೆ ಮಾರ್ಜಾಲಾಸನ. ಮಣಿಕಟ್ಟು ಪೂರ್ತಿ ಬಗ್ಗದ ಕಾರಣ ಅಂಗೈ ಬದಲು ಮುಷ್ಟಿ ಊರಿದೆ. ಭುಜಂಗಾಸನಕ್ಕೆ ಮೊಳಕೈ ಊರಿದೆ. ನನ್ನ ಹಾವು ಹೆಡೆಯನ್ನು ಸ್ವಲ್ಪವೇ ಎತ್ತುತ್ತಿತ್ತು. ಆಸನವೆಂದರೆ ಅಲುಗದೆ, ಸುಖವಾಗಿ ಇರುವುದು ಎಂಬ ಅರ್ಥದ ಮಾತು ಪತಂಜಲಿಯ ಯೋಗಸೂತ್ರದಲ್ಲಿದೆ. ಮೇಷ್ಟ್ರು ಆಗಾಗ ಹೇಳುತ್ತಿದ್ದರು. ಆಗ ಕೇಳಿದ್ದೆ. ಈಗ ತಿಳಿಯಿತು.

ತಿಳಿಯಿತು ಅಂದುಕೊಂಡೆ, ಅಷ್ಟೆ. ಹದಿನೈದು ದಿನ ಕಳೆದಿರಲಿಲ್ಲ, ಒಂದು ಬೆಳಗ್ಗೆ ಮೋಡ ಸರಿದು ಅಪರೂಪಕ್ಕೆ ಒಳ್ಳೆಯ ಬಿಸಿಲು ಬಂತು. ಮೈ ಹಗುರವಾಗಿತ್ತು. ಮನೆಯಾಕೆ ಒಳಗಿದ್ದಳು. ಹಳೆಯ ಹನ್ನೆರಡನ್ನು ಹಾಕಿಯೇ ಬಿಡೋಣ ಎಂದು ಸೂರ್ಯನ ಕಡೆ ಮುಖ ಮಾಡಿ ನಿಂತೆ. ಒಂದು, ಎರಡು, ಮೂರು ಚೆನ್ನಾಗಿ ಆಯಿತು. ಐದನೆಯದರಲ್ಲಿ ಕಾಲು ಹಿಂದೆ ಎಸೆದಾಗ ಸೊಂಟದಲ್ಲಿ ಚಳಕ್ ಎಂದಿತು. ಯಾರಿಗೂ ಹೇಳದೆ ಬಂದು ಕುಳಿತೆ. ಮಧ್ಯಾಹ್ನ ಕಾಲುಚೀಲ ಹಾಕಿಕೊಳ್ಳಲಾರದೆ ಒದ್ದಾಡುವಾಗ ಸಿಕ್ಕಿಬಿದ್ದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಸಿನೀರಿನ ಚೀಲ ತಂದಿಟ್ಟು, ‘ಇನ್ನೊಂದು ಸಲ ಹಾಲಿನ ಹುಡುಗನನ್ನು ಕಾಯುವುದಕ್ಕೆ ನನ್ನಿಂದ ಆಗುವುದಿಲ್ಲ ರೀ’ ಅಂದಳು.

ಹತ್ತು ದಿನ ಪೂರ್ತಿ ಬಿಡುವು. ಹಳೆಯ ನಾಚಿಕೆ ಮತ್ತೆ ಬಂದು ಪಕ್ಕದಲ್ಲಿ ಕುಳಿತಿತು. ಮೂರು ತಿಂಗಳ ಕೆಲಸ ನೀರಿಗೆ ಹೋಯಿತು, ಇನ್ನು ಸಾಕು ಅನ್ನಿಸಿತು. ಶನಿವಾರ ಆಡಿಟ್ಟಿಗೆ ಬಂದ ಪುಟ್ಟಿ ಖಾಲಿ ಸಾಲುಗಳನ್ನು ನೋಡಿ, ‘ಅಜ್ಜ, ಎಷ್ಟು ಡ್ರಾ ಮಾಡಿದ್ರಿ?’ ಎಂದಳು. ‘ಎಲ್ಲ ಹೋಯಿತು ಮಗಾ, ಬಾಕಿ ಸೊನ್ನೆ’ ಅಂದೆ. ಅವಳು ಜೂನ್‌ನಿಂದ ಕೂಡಿಸುತ್ತಾ ಬಂದಳು. ಬಾಯಲ್ಲೇ ಲೆಕ್ಕ ಹಾಕುತ್ತಾ, ತಪ್ಪಿದಾಗ ಮತ್ತೆ ಮೊದಲಿನಿಂದ ಹಿಡಿಯುತ್ತಾ. ಕೊನೆಗೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ‘ಸೊನ್ನೆ ಎಲ್ಲಿದೆ ತೋರಿಸಿ’ ಅಂದಳು. ಬಾಕಿಯ ಜಾಗದಲ್ಲಿ ಎಂಟುನೂರಕ್ಕೂ ಹೆಚ್ಚು ನಿಮಿಷಗಳಿದ್ದವು.

ಮಗು ಹೇಳಿದ್ದು ನಿಜವೋ ಎಂದು ಮೈಯೇ ಪರೀಕ್ಷೆ ಮಾಡಿತು. ಹತ್ತು ದಿನ ಕಳೆದು ಮತ್ತೆ ಕುರ್ಚಿಗೆ ಬಂದಾಗ ಮೊದಲಿನಂತೆ ಮೂರಕ್ಕೆ ತೊಡೆ ನಡುಗಲಿಲ್ಲ, ಐದು ಸಲ ಎದ್ದೆ. ಮೊದಲ ಸಲ ಆರು ವಾರ ಹಿಡಿದದ್ದು ಈಗ ಎರಡೇ ವಾರದಲ್ಲಿ ಮರಳಿತು. ಬಿಟ್ಟು ಹಿಡಿದವನು ಯಾವತ್ತೂ ಸೊನ್ನೆಯಿಂದ ಶುರು ಮಾಡುವುದಿಲ್ಲ. ಅದನ್ನು ನಾನು ಎರಡು ವರ್ಷ ಮೊದಲೇ ತಿಳಿದಿದ್ದರೆ ಎಷ್ಟೋ ಸೋಮವಾರಗಳು ಉಳಿಯುತ್ತಿದ್ದವು. ಆ ದಿನದಿಂದ ಒಂದು ಕಟ್ಟುಪಾಡು ಮಾಡಿಕೊಂಡೆ. ಹೊಸದೇನು ಸೇರಿಸಿದರೂ ವಾರಕ್ಕೆ ಒಂದೇ. ಅದೂ ಇಬ್ಬರೂ ಇರುವಾಗ.

ಅಕ್ಟೋಬರ್ 17ರ ತುಲಾ ಸಂಕ್ರಮಣ ಕಳೆದು ಜನಸಂದಣಿ ಇಳಿದ ಮೇಲೆ ಭಾಗಮಂಡಲಕ್ಕೆ ಹೋಗಿ, ಕಾವೇರಿ, ಕನ್ನಿಕೆ, ಸುಜ್ಯೋತಿಯರ ಸಂಗಮದಲ್ಲಿ ಮೆಟ್ಟಿಲಿಳಿದು ಕಾಲು ತೊಳೆದು ಬಂದೆವು. ತಲಕಾವೇರಿಯ ಮೆಟ್ಟಿಲುಗಳನ್ನು ಕೈಪಿಡಿ ಹಿಡಿದು, ನಡುವೆ ನಿಂತು, ಹತ್ತಿದೆವು. ನವೆಂಬರಿನಲ್ಲಿ ಮೂರು ಸೂರ್ಯನಮಸ್ಕಾರ, ಕಾಲನ್ನು ಎಸೆಯದೆ ಒಂದೊಂದಾಗಿ ಹಿಂದಕ್ಕಿಟ್ಟು. ಮೂರೇ. ನಾಲ್ಕನೆಯದು ಕರೆಯುತ್ತಿತ್ತು. ಹೋಗಲಿಲ್ಲ.

ಡಿಸೆಂಬರಿನಲ್ಲಿ ಹುತ್ತರಿ ಬಂತು. ನಮ್ಮ ಐನ್‌ಮನೆ ನಾಪೋಕ್ಲು ಕಡೆ. ಹುತ್ತರಿ ಎಂದರೆ ಹೊಸ ಭತ್ತವನ್ನು ಮನೆ ತುಂಬಿಸಿಕೊಳ್ಳುವ ಹಬ್ಬ. ರಾತ್ರಿ ಮುಹೂರ್ತಕ್ಕೆ ಸರಿಯಾಗಿ ಕುಟುಂಬದವರೆಲ್ಲ ದೀಪ ಹಿಡಿದು ಗದ್ದೆಗೆ ಹೋಗಿ, ಕೋವಿ ಹಾರಿಸಿ, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತಾ ಕದಿರು ಕೊಯ್ಯುತ್ತಾರೆ. ಹೆಚ್ಚಲಿ, ಸಮೃದ್ಧಿಯಾಗಲಿ ಎಂದು ಅದರ ಅರ್ಥ. ಹಿಂದಿನ ಎರಡು ವರ್ಷ ನಾನು ಜಗಲಿಯ ಕುರ್ಚಿಯಲ್ಲಿ ಕುಳಿತು ಆ ಕೂಗನ್ನು ದೂರದಿಂದ ಕೇಳಿದ್ದೆ. ಗದ್ದೆಗೆ ಹೋಗುವ ಬದು ಒಂದೂವರೆ ಅಡಿ ಅಗಲ, ಇಬ್ಬನಿಗೆ ತೊಯ್ದಿರುತ್ತದೆ, ಬರಿಗಾಲಲ್ಲಿ ನಡೆಯಬೇಕು. ‘ಮಾವ, ನೀವು ಇಲ್ಲೇ ಇರಿ, ಕದಿರು ಬಂದ ಮೇಲೆ ಪೂಜೆಗೆ ಕೂತರಾಯಿತು’ ಎಂದು ಅಳಿಯ ಈ ಸಲವೂ ಕುರ್ಚಿ ಎಳೆದ. ಅವನದು ಕಾಳಜಿಯೇ.

ನಾನು ಮನೆಯಾಕೆಯ ಮುಖ ನೋಡಿದೆ. ಅವಳು ಆಗಲೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಚಪ್ಪಲಿ ಬಿಡುತ್ತಿದ್ದಳು.

ಬೆಳದಿಂಗಳಿತ್ತು. ಮುಂದೆ ಪುಟ್ಟಿ ಟಾರ್ಚು ಹಿಡಿದು, ನಡುವೆ ನಾನು, ಹಿಂದೆ ಅವಳು. ಒಂದು ಕೈಯಲ್ಲಿ ಊರುಗೋಲು. ಒಂದೊಂದು ಹೆಜ್ಜೆಯಲ್ಲೂ ಇಡೀ ಮೈಭಾರ ಒಂದೇ ಕಾಲಿನ ಮೇಲೆ ಬರುತ್ತದೆ ಎನ್ನುವುದು ಬದುವಿನ ಮೇಲೆ ನಡೆದಾಗಲೇ ಗೊತ್ತಾಗುವುದು. ಕಿಟಕಿಯ ಸರಳು ಹಿಡಿದು ಮಾಡಿದ ವೃಕ್ಷಾಸನ ಅಲ್ಲಿ ಕೆಲಸಕ್ಕೆ ಬಂತು. ಒಂದು ಕಡೆ ಕಾಲು ಜಾರಿತು. ಎದೆ ಧಸಕ್ಕೆಂದಿತು. ಬೀಳಲಿಲ್ಲ. ನಿಂತು, ಮೂರು ಉಸಿರು ತೆಗೆದುಕೊಂಡು, ಮುಂದೆ ಹೋದೆ. ಕೋವಿಯ ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ಎಲ್ಲರೊಂದಿಗೆ ನಾನೂ ಕೂಗಿದೆ. ಅಣ್ಣ ಕದಿರು ಕೊಯ್ದು ಎಲ್ಲರಿಗೂ ಹಂಚಿದ. ನನ್ನ ಪಾಲಿನ ಕದಿರನ್ನು ಬಲಗೈಯಲ್ಲೇ ಹಿಡಿದು ತಂದೆ.

ಮನೆಗೆ ಬಂದು ತಂಬಿಟ್ಟು ತಿಂದು ಕುಳಿತಾಗ ಪುಟ್ಟಿ ಪಾಸ್‌ಬುಕ್ ತೆಗೆದಳು. ‘ಇದನ್ನು ಎಷ್ಟು ನಿಮಿಷ ಅಂತ ಬರೆಯಲಿ ಅಜ್ಜ?’ ಎಂದು ಕೇಳಿದಳು. ‘ಇದು ಜಮಾ ಅಲ್ಲ ಮಗಾ. ಇವತ್ತು ನಾನು ನನ್ನ ಖಾತೆಯಿಂದ ತೆಗೆದದ್ದು’ ಅಂದೆ. ಅವಳು ಅದಕ್ಕೊಂದು ಹೊಸ ಸಾಲು ಎಳೆದು ‘ಗದ್ದೆಗೆ ಹೋಗಿ ಬಂದದ್ದು’ ಎಂದು ಬರೆದಳು.

ಮರುದಿನ ತೊಡೆ, ಮೀನಖಂಡ ಎಲ್ಲ ನೋವು. ಮೂರು ನಮಸ್ಕಾರ ಆಗುವಂತಿರಲಿಲ್ಲ. ಐದೂವರೆಗೆ ಎದ್ದು ಐನ್‌ಮನೆಯ ಜಗಲಿಯಲ್ಲಿ ಎರಡು ಕುರ್ಚಿ ಹಾಕಿದೆ. ಗದ್ದೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಕತ್ತು ಎಡಕ್ಕೆ, ಬಲಕ್ಕೆ. ಭುಜ ಮೇಲೆ, ಕೆಳಗೆ. ಐದು ನಿಮಿಷ ಜಮಾ.